ಟವಲ್ಲಿನ ಕೆಳಗೆ ಮೂರೋ ನಾಲ್ಕೋ

ನಗುವ ಮುಖ ಬರೆದ ಹಳದಿ ಸ್ಪಂಜಿನ ಚೆಂಡು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವೇಮಗಲ್ ಕಡೆಯ ಫ್ಯಾಕ್ಟರಿಯಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟು ಬಂದವರಿಗೂ ಅದೇ ಚೆಂಡು, ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತಿ ಎತ್ತಿ ಮೊಣಕೈ ನೋವು ಹತ್ತಿಸಿಕೊಂಡವರಿಗೂ ಅದೇ ಚೆಂಡು. ಆಸ್ಪತ್ರೆಯಿಂದ ಕಳಿಸುವಾಗ ಔಷಧಿ ಚೀಟಿಯ ಜೊತೆ ಅದನ್ನೊಂದು ಕೈಗಿಟ್ಟು ‘ದಿನಾ ಒತ್ತಿ’ ಎಂದುಬಿಟ್ಟರೆ ಮುಗಿಯಿತು. ಕೈ ಚಿಕಿತ್ಸೆ ಎಂದರೆ ಇಷ್ಟೇ ಎಂದು ನಂಬಿರುವ ಡಾಕ್ಟರುಗಳ ನಡುವೆ ನಾನು ಕೋಲಾರದಲ್ಲಿ ಹ್ಯಾಂಡ್ ಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಂಡು ಕೂತಿದ್ದೇನೆ. ಕೆಲಸದಲ್ಲಿ ಪೆಟ್ಟಾಗಿ ಆಪರೇಷನ್ ಆದ ಕೈಗಳನ್ನು ಮತ್ತೆ ಅದೇ ಕೆಲಸಕ್ಕೆ ತಯಾರು ಮಾಡುವುದು ನನ್ನ ವೃತ್ತಿ. ಉಳಿದವರೆಲ್ಲ ಚೆಂಡು ಕೊಡುವವರು, ನಾನೊಬ್ಬಳೇ ರೋಗಿಯನ್ನು ಕೇಳಿ ಕೆಲಸ ಮಾಡುವವಳು ಎಂಬ ಜಂಬವೂ ಇತ್ತು. ಆ ಜಂಬವನ್ನು ಇಳಿಸಿದವನು ಒಬ್ಬ ದನದ ದಳ್ಳಾಳಿ.

ಆತನಿಗೆ ಐವತ್ತೈದರ ಮೇಲೆ ವಯಸ್ಸು. ಮುಳಬಾಗಿಲು ಕಡೆಯ ವಾರದ ಸಂತೆಯಲ್ಲಿ ಒಂದು ಸೀಮೆ ಹಸುವನ್ನು ಗೂಡ್ಸ್ ಆಟೋಗೆ ಹತ್ತಿಸುವಾಗ ಹಗ್ಗವನ್ನು ಬಲಗೈಗೆ ಸುತ್ತಿಕೊಂಡಿದ್ದ. ಹಗ್ಗ ಕೈಗೆ ಸುತ್ತಿಕೊಳ್ಳಬಾರದು ಎಂದು ದನ ಮೇಯಿಸುವ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ದನಗಳ ನಡುವೆಯೇ ಬದುಕಿದ ಈ ಮಹಾನುಭಾವನಿಗೆ ಗೊತ್ತಿರಲಿಲ್ಲ. ಹಸು ಬೆದರಿ ಹಿಂದಕ್ಕೆ ಜಗ್ಗಿತು. ಕೈ ಹೋಗಿ ಆಟೋದ ತಗಡಿನ ಅಂಚಿಗೆ ಸಿಕ್ಕಿತು. ಉಂಗುರದ ಬೆರಳು ಮತ್ತು ಕಿರುಬೆರಳಿನ ಬುಡದಲ್ಲಿ, ಬೆರಳು ಮಡಿಸುವ ಸ್ನಾಯುಬಳ್ಳಿಗಳು, ಸ್ಪರ್ಶ ತಿಳಿಸುವ ನರಗಳು ಎಲ್ಲ ಕತ್ತರಿಸಿ ಹೋಗಿದ್ದವು. ಹಗ್ಗ ಬೆರಳುಗಳ ಹಿಂಬದಿಯ ಚರ್ಮವನ್ನೂ ಸುಲಿದಿತ್ತು. ಕೋಲಾರದ ಒಬ್ಬ ಸರ್ಜನ್ ನಾಲ್ಕು ಗಂಟೆ ಕೂತು ಎಲ್ಲವನ್ನೂ ಹೊಲಿದರು. ಹೊಲಿಗೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನನಗೆ ಬರೆದ ಚೀಟಿಯಲ್ಲಿ ಮಾತ್ರ ಎಂದಿನಂತೆ ಒಂದೇ ಸಾಲು: ‘ಫಿಸಿಯೋ ಮಾಡಿ.’

ಹೊಲಿದ ಸ್ನಾಯುಬಳ್ಳಿಯ ವಿಷಯ ಸೂಕ್ಷ್ಮ. ಅಲ್ಲಾಡಿಸದೆ ಇಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಮರಗಟ್ಟುತ್ತದೆ, ಜಾಸ್ತಿ ಅಲ್ಲಾಡಿಸಿದರೆ ಹೊಲಿಗೆ ಕಿತ್ತು ಬರುತ್ತದೆ. ಅದಕ್ಕೇ ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆಯಿಂದ ಕೈಯ ಹಿಂಬದಿಗೆ ಒಂದು ಪಟ್ಟಿ ಮಾಡಿದೆ. ಬೆರಳು ಒಳಕ್ಕೆ ಮಡಚಬಹುದು, ಪೂರ್ತಿ ನೆಟ್ಟಗಾಗುವಂತಿಲ್ಲ. ಗಂಟೆಗೊಮ್ಮೆ ಎಡಗೈಯಿಂದ ಆ ಬೆರಳುಗಳನ್ನು ಹತ್ತು ಸಲ ಮಡಚಬೇಕು, ಮಡಚಿದ್ದನ್ನು ಹಗುರವಾಗಿ ಹಿಡಿದು ನಿಲ್ಲಿಸಬೇಕು ಎಂದು ಹೇಳಿಕೊಟ್ಟೆ.

“ಹತ್ತು ಅಂತೀರಾ. ಆರಕ್ಕೆ ಮುಗ್ಸಿ ಮೇಡಂ.”

“ಇದು ಸಂತೆ ಅಲ್ಲ ಅಣ್ಣಾ.”

“ಹೋಗ್ಲಿ ಬಿಡಿ, ನಿಮ್ದೂ ಬೇಡ ನಂದೂ ಬೇಡ, ಎಂಟಕ್ಕೆ ಇರ್ಲಿ.”

ನನಗೆ ದಳ್ಳಾಳಿಗಳೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಹಸು ಸಾಕಿದವನೂ ಅಲ್ಲ, ಹಾಲು ಕರೆಯುವವನೂ ಅಲ್ಲ, ನಡುವೆ ನಿಂತು ಬಾಯಿ ಬಡಿದುಕೊಂಡು ಎರಡೂ ಕಡೆ ಕೈಯೊಡ್ಡುವವನು. ಆತ ಬಂದ ಮೊದಲ ದಿನವೇ ನನ್ನ ಫಾರಂ ತೆಗೆದಿದ್ದೆ. ಬೆಂಗಳೂರಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ ತಂದ ಫಾರಂ ಅದು. ರೋಗಿಯ ಬದುಕೇ ಚಿಕಿತ್ಸೆಗೆ ಕೇಂದ್ರವಾಗಬೇಕು ಎಂದು ಎಸಿ ಹಾಲಿನಲ್ಲಿ ಎರಡು ದಿನ ಭಜನೆ ಮಾಡಿಸಿ, ಕೊನೆಗೆ ಕೈಗೆ ಒಂದು ಫಾರಂ ಕೊಟ್ಟು ಕಳಿಸಿದ್ದರು. ‘ಈ ಕೈಯಿಂದ ನೀವು ಮತ್ತೆ ಮಾಡಬೇಕೆಂದಿರುವ ಮೂರು ಕೆಲಸ ಯಾವುವು?’ ಎಂದು ಅದರಲ್ಲಿ ಪ್ರಶ್ನೆ. ಕೇಳಿದೆ.

“ಉಣ್ಬೇಕು, ಗುಂಡಿ ಹಾಕ್ಕೋಬೇಕು, ಹಗ್ಗ ಹಿಡೀಬೇಕು. ಸಾಕು,” ಎಂದ.

ವೃತ್ತಿ ಎಂಬ ಕಡೆ ‘ವ್ಯಾಪಾರ’ ಎಂದು ಬರೆದುಕೊಂಡೆ. ಇವನಿಗೆ ಕೈಗಿಂತ ಬಾಯಿ ಮುಖ್ಯ, ಬಾಯಿಗೇನೂ ಆಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಕ್ಕಿದ್ದೂ ನೆನಪಿದೆ. ಫಾರಂ ತುಂಬಿತು. ರೋಗಿ ನನ್ನ ಚಿಕಿತ್ಸೆಯ ಕೇಂದ್ರಕ್ಕೆ ಬಂದು ಕೂತ ಎಂದೇ ತಿಳಿದೆ.

ಆರು ವಾರಕ್ಕೆ ಪಟ್ಟಿ ತೆಗೆದೆವು. ಎಂಟನೇ ವಾರಕ್ಕೆ ಬೆರಳ ತುದಿ ಅಂಗೈ ಮುಟ್ಟಿತು. ಹತ್ತನೇ ವಾರ ಆತ ಬಂದಾಗ ಕಿರುಬೆರಳಿನ ಪಕ್ಕದಲ್ಲಿ ಒಂದು ಬೊಬ್ಬೆ ಎದ್ದಿತ್ತು. ಏನಿದು ಎಂದರೆ, ಟೀ ಲೋಟ ತಾಗಿತು ಎಂದ. “ಜೋಪಾನ ಅಲ್ವಾ, ಚಿಕ್ಕ ಮಗುನಾ ನೀವು?” ಎಂದು ಬೈದು ಮುಲಾಮು ಹಚ್ಚಿ ಕಳಿಸಿದೆ. ಬಿಸಿ ಲೋಟ ತಾಗಿದರೆ ಮನುಷ್ಯ ಬೊಬ್ಬೆ ಬರುವ ತನಕ ಬೆರಳು ಅಲ್ಲೇ ಯಾಕೆ ಇಡುತ್ತಾನೆ ಎಂದು ಕೇಳಬೇಕಾಗಿತ್ತು. ಕಾಲೇಜಿನ ಮೊದಲ ವರ್ಷದ ಹುಡುಗಿಯೂ ಕೇಳುತ್ತಿದ್ದಳು. ನಾನು ಕೇಳಲಿಲ್ಲ.

ಹನ್ನೆರಡನೇ ವಾರ ಕೊನೆಯ ಪರೀಕ್ಷೆ. ಬೆರಳಿನ ಗೆಣ್ಣುಗಳು ಎಷ್ಟು ಮಡಚುತ್ತವೆ ಎಂದು ಅಳೆದೆ, ಬಹಳ ಚೆನ್ನಾಗಿತ್ತು. ಹಿಡಿತದ ಬಲ ಅಳೆಯುವ ಯಂತ್ರವನ್ನು ಎಡಗೈಗೆ ಕೊಟ್ಟೆ, ಬಲಗೈಗೆ ಕೊಟ್ಟೆ, ಹೆಚ್ಚು ಕಡಿಮೆ ಸಮ. ಆಮೇಲೆ ಸ್ಪರ್ಶ. ಕಣ್ಣು ಮುಚ್ಚಿಸಿ ಸಣ್ಣ ನೈಲಾನ್ ಎಳೆಯಿಂದ ಬೆರಳ ತುದಿ ಮುಟ್ಟುವುದು, ಯಾವ ಬೆರಳು ಎಂದು ಆತ ಹೇಳುವುದು. ಇಪ್ಪತ್ತರಲ್ಲಿ ಹದಿನೆಂಟು ಸರಿ ಹೇಳಿದ. ಹೊಲಿದ ನರ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿ ತನಕ ಬೆಳೆಯುವುದಕ್ಕೇ ಮೂರು ತಿಂಗಳು ಬೇಕು, ಇಷ್ಟು ನಾಜೂಕಾಗಿ ತಿಳಿಯುವುದಕ್ಕೆ ಇನ್ನೂ ಎಷ್ಟೋ ತಿಂಗಳು. ಇದೆಲ್ಲ ಗೊತ್ತಿದ್ದೂ, ನನ್ನ ಕೈಗುಣ ಎಂದು ಬೀಗಿದೆ. ಚಿಕಿತ್ಸೆ ಮುಗಿದಿದೆ, ಕೆಲಸಕ್ಕೆ ಹೋಗಬಹುದು ಎಂದು ಕಾಗದ ಬರೆದುಕೊಟ್ಟೆ. ಸರ್ಜನ್ ಸಾಹೇಬರು ಮುಷ್ಟಿ ಕಟ್ಟಿದ ಕೈಯ ಫೋಟೋ ತೆಗೆಸಿಕೊಂಡರು, ಯಾವುದೋ ಡಾಕ್ಟರುಗಳ ಸಭೆಯಲ್ಲಿ ತೋರಿಸುವುದಕ್ಕಂತೆ.

ಮೂರು ವಾರ ಕಳೆದ ಮೇಲೆ ಆತನ ಹೆಂಡತಿ ಬಂದಳು. ಆತ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಬರಲಿಲ್ಲ.

“ಮೇಡಂ, ಈಯಪ್ಪನ ಕೈ ಸರಿಯಾಗೈತೆ ಅಂತ ನೀವೇ ಅಲ್ವಾ ಬರ್ಕೊಟ್ಟಿದ್ದು?” ಎಂದು ನನ್ನ ಕಾಗದವನ್ನೇ ಮೇಜಿನ ಮೇಲಿಟ್ಟಳು. “ಸಂತೇಲಿ ಮಾನ ಹೋಯ್ತು. ಎರಡು ವಾರದಿಂದ ಯಾರೂ ಇವ್ನ ಟವಲ್ ಒಳಕ್ಕೆ ಕೈ ಹಾಕ್ತಿಲ್ಲ.”

ಟವಲ್ಲೇನು ಎಂದು ಕೇಳಿದೆ. ಇಷ್ಟು ದಿನ ಒಬ್ಬ ದಳ್ಳಾಳಿಯ ಕೈ ಹಿಡಿದು ಕೂತವಳು ಈ ಪ್ರಶ್ನೆಯನ್ನು ಹದಿನೈದನೇ ವಾರಕ್ಕೆ ಕೇಳಿದೆ. ಆಕೆ ನನ್ನನ್ನು ನೋಡಿದ ರೀತಿಯಲ್ಲೇ ನನ್ನ ಯೋಗ್ಯತೆ ನನಗೆ ಗೊತ್ತಾಯಿತು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಳ್ಳಾಳಿ ಹೆಗಲ ಮೇಲಿನ ಟವಲನ್ನು ಬಲಗೈ ಮೇಲೆ ಇಳಿಬಿಡುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ತೂರಿಸಿ ದಳ್ಳಾಳಿಯ ಬೆರಳ ತುದಿಗಳನ್ನು ಹಿಡಿಯುತ್ತಾನೆ. ತೋರುಬೆರಳೊಂದೇ ಆದರೆ ಒಂದು, ನಡುಬೆರಳೂ ಸೇರಿದರೆ ಎರಡು, ಉಂಗುರದ ಬೆರಳೂ ಸೇರಿದರೆ ಮೂರು, ಕಿರುಬೆರಳೂ ಸೇರಿದರೆ ನಾಲ್ಕು, ಪೂರಾ ಕೈ ಹಿಡಿದರೆ ಐದು; ಒಂದೆಂದರೆ ಹತ್ತು ಸಾವಿರ ರೂಪಾಯಿ. ಬೇರೆ ಬೇರೆ ಸಂತೆಗಳಲ್ಲಿ ಬೇರೆ ಲೆಕ್ಕ ಇರಬಹುದು, ಇವರ ಸಂತೆಯಲ್ಲಿ ಇದು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ದಳ್ಳಾಳಿ ಅದನ್ನು ಹಾಗೆಯೇ ಹೋಗಿ ಮಾರುವವನ ಕೈಗೆ ಮುಟ್ಟಿಸುತ್ತಾನೆ. ಆತನ ಕಸುಬೆಲ್ಲ ಆ ಬೆರಳ ತುದಿಗಳಲ್ಲಿತ್ತು. ನಾನು ಬಾಯಿಯಲ್ಲಿದೆ ಎಂದುಕೊಂಡಿದ್ದೆ.

ಆದದ್ದು ಇಷ್ಟು. ಶ್ರೀನಿವಾಸಪುರ ಕಡೆಯ ಒಬ್ಬ ವ್ಯಾಪಾರಿ ಮೂರು ಬೆರಳು ಹಿಡಿದ. ಇವನು ನಾಲ್ಕು ಎಂದು ತಿಳಿದು ಹಸುವಿನ ಯಜಮಾನನಿಗೆ ನಾಲ್ಕು ಮುಟ್ಟಿಸಿದ. ಯಜಮಾನ ಒಪ್ಪಿ ಹಗ್ಗ ಕೈಗೆ ಕೊಟ್ಟ. ಆಮೇಲೆ ಜಗಳವಾಯಿತು. ಎರಡೂ ಕಡೆಯವರು ಇವನೇ ನಡುವೆ ತಿನ್ನಲು ನೋಡಿದ ಎಂದರು. ಆ ವ್ಯಾಪಾರಿ ಇವನ ಹೆಗಲಿನಿಂದ ಟವಲ್ ಎಳೆದು ಸಗಣಿಯ ಮೇಲೆ ಎಸೆದನಂತೆ.

ಆತನನ್ನು ಒಳಗೆ ಕರೆದೆ. ಬಳೆ ತೆಗೆದಿಟ್ಟೆ, ನಮ್ಮಿಬ್ಬರ ನಡುವೆ ಒಂದು ರಟ್ಟು ನಿಲ್ಲಿಸಿದೆ, ಆತನ ಕಣ್ಣಿಗೆ ಬಟ್ಟೆ ಕಟ್ಟಿದೆ. ಮತ್ತೆ ಅದೇ ಪರೀಕ್ಷೆ. ಅದೇ ಧೈರ್ಯದಿಂದ ಟಕ್ ಟಕ್ ಎಂದು ಉತ್ತರ ಕೊಟ್ಟ. ಉಂಗುರದ ಬೆರಳು ಮುಟ್ಟಿದರೆ ಕಿರುಬೆರಳು ಎಂದ, ಕಿರುಬೆರಳು ಮುಟ್ಟಿದರೆ ಉಂಗುರದ್ದು ಎಂದ, ನಾನು ಏನೂ ಮುಟ್ಟದಿದ್ದಾಗ ಎರಡೂ ಎಂದ.

“ಅಣ್ಣಾ, ಹೋದ್ಸಲ ಹೇಗೆ ಹೇಳಿದ್ರಿ?”

ಆತ ಕಣ್ಣಿನ ಬಟ್ಟೆ ಬಿಚ್ಚಿ ಮಡಚಿಟ್ಟ. ಆಮೇಲೆ ಒಪ್ಪಿಕೊಂಡ. ನಾನು ಕಿರುಬೆರಳಿಗೆ ಹೋಗುವಾಗ ಬಳೆ ಸದ್ದಾಗುತ್ತಿತ್ತಂತೆ. ಕಣ್ಣನ್ನೂ ಪೂರ್ತಿ ಮುಚ್ಚಿರಲಿಲ್ಲವಂತೆ. ಉತ್ತರ ಸರಿಯಾದಾಗ ನನ್ನ ಮುಖ ಅರಳುತ್ತಿತ್ತಂತೆ.

“ಯಾಕಣ್ಣಾ ಹಿಂಗ್ ಮಾಡಿದ್ರಿ?”

“ಗೊತ್ತಿಲ್ಲ ಅಂದ್ರೆ ದಳ್ಳಾಳಿ ಹೆಂಗಾಗ್ತೀನಮ್ಮಾ. ಹಸು ಎಷ್ಟನೇ ಸೂಲು ಅಂದ್ರೂ ಹೇಳ್ಬೇಕು, ಒದೀತದಾ ಅಂದ್ರೂ ಹೇಳ್ಬೇಕು. ನಮ್ ಬಾಯಾಗೆ ಆ ಮಾತೇ ಬರಲ್ಲ.”

ಪರೀಕ್ಷೆ ಮಾಡಿದವಳು ನಾನು, ನನ್ನನ್ನೇ ಹಸು ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿ ವ್ಯಾಪಾರ ಮುಗಿಸಿದ್ದ. ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಇನ್ನೊಂದು ಪೆದ್ದು ಮಾತಾಡಿದೆ. “ಎಡಗೈ ಚೆನ್ನಾಗಿದೆಯಲ್ಲ, ಟವಲನ್ನ ಎಡಗೈಗೆ ಹಾಕ್ಕೊಳ್ಳಿ.”

ಉತ್ತರ ಕೊಟ್ಟವಳು ಹೆಂಡತಿ. “ಮನೆಗೆ ಬಂದೋರಿಗೆ ಎಡಗೈಲಿ ನೀರು ಕೊಡ್ತೀರಾ ಮೇಡಂ ನೀವು?” ಎಂದಳು. ಆಮೇಲೆ ಗಂಡನ ಕಡೆ ತಿರುಗಿ ತೆಲುಗಿನಲ್ಲಿ, “ಚೇತುಲು ಕಾಲಿನಾಕ ಆಕುಲು ಪಟ್ಟುಕುನ್ನಟ್ಟು,” ಎಂದಳು. ಕೈ ಸುಟ್ಟುಕೊಂಡ ಮೇಲೆ ಬಿಸಿ ಪಾತ್ರೆ ಇಳಿಸಲು ಎಲೆ ಹಿಡಿದರಂತೆ ಎಂದು. ಅದು ಗಂಡನಿಗೆ ಹೇಳಿದ್ದೋ ನನಗೋ ನಾನು ವಿಚಾರಿಸಲು ಹೋಗಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿದೆ. ನನ್ನ ಕಾಗದ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ.

“ಮುಷ್ಟಿ ಕಟ್ತಾನಲ್ಲ?” ಎಂದರು.

“ಕಟ್ತಾರೆ ಸರ್.”

“ಊಟ ಮಾಡ್ತಾನಲ್ಲ? ಮತ್ತಿನ್ನೇನ್ರೀ? ಸಂತೇಲಿ ಕಣ್ಣಾಮುಚ್ಚಾಲೆ ಆಡೋದಕ್ಕೆಲ್ಲ ನಾವು ಗ್ಯಾರಂಟಿ ಕೊಡಕ್ಕಾಗುತ್ತಾ? ನರ ತಾನಾಗೇ ಬರುತ್ತೆ. ಫೋಟೋ ಎಲ್ಲ ಕಳ್ಸಿ ಆಗಿದೆ.”

ಅವರ ಮೇಲೆ ತಿರಸ್ಕಾರ ಉಕ್ಕಿ ಬಂತು. ಫೋನ್ ಇಟ್ಟ ಮೇಲೆ ಯೋಚಿಸಿದರೆ, ಅವರಿಗೆ ಫೋಟೋ ಹೇಗೋ ನನಗೆ ನನ್ನ ಫಾರಂ ಹಾಗೇ ಆಗಿತ್ತು. ಅವತ್ತೇ ಹೊಸ ಕಾಗದ ಬರೆದು ಕಳಿಸಿದೆ. ಸ್ಪರ್ಶ ಬಂದಿಲ್ಲ, ಚಿಕಿತ್ಸೆ ಮುಗಿದಿಲ್ಲ ಎಂದು ಬರೆದೆ. ‘ಮರುಪರೀಕ್ಷೆಯಲ್ಲಿ ಕಂಡುಬಂದಂತೆ’ ಎಂದು ಶುರು ಮಾಡಿ, ಮೊದಲ ಪರೀಕ್ಷೆ ಹಾಳಾದದ್ದು ಯಾರಿಂದ ಎಂಬುದನ್ನು ಮಾತ್ರ ಜಾಣತನದಿಂದ ನುಂಗಿಕೊಂಡೆ.

ನಂತರದ ಐದು ತಿಂಗಳು ಯಂತ್ರಗಳನ್ನೆಲ್ಲ ಅಲಮಾರಿಗೆ ಹಾಕಿದೆ. ಮೇಜಿನ ಮೇಲೆ ಉಳಿದದ್ದು ಒಂದು ಟವಲ್. ನರ ಬೆಳೆದರೆ ಸಾಲದು, ಅದು ತರುವ ಸುದ್ದಿಯನ್ನು ಮಿದುಳು ಹೊಸದಾಗಿ ಓದಲು ಕಲಿಯಬೇಕು. ಮೊದಲು ಕಣ್ಣು ಬಿಟ್ಟು ನೋಡುತ್ತಾ ಬೆರಳ ತುದಿಯನ್ನು ಹಿಡಿಸಿಕೊಳ್ಳಬೇಕು, ಆಮೇಲೆ ಅದನ್ನೇ ಟವಲ್ಲಿನ ಕೆಳಗೆ, ತಪ್ಪಾದರೆ ಟವಲ್ ಸರಿಸಿ ಮತ್ತೆ ನೋಡಬೇಕು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತು ನಿಮಿಷ. ಮನೆಯಲ್ಲಿ ಹಿಡಿಯುವ ಕೆಲಸ ಹೆಂಡತಿಯದು. ಗಂಡಸರ ಕಸುಬಿನ ಗುಟ್ಟನ್ನು ಹೆಂಗಸರ ಕೈಗೆ ಕೊಡುವುದೇ ಎಂದು ಆತ ಎರಡು ದಿನ ಮುಖ ಊದಿಸಿಕೊಂಡಿದ್ದ. “ಇಷ್ಟು ವರ್ಷ ಆ ಗುಟ್ಟಿಟ್ಕೊಂಡು ಏನ್ ಕಡ್ದು ಗುಡ್ಡೆ ಹಾಕ್ದೆ?” ಎಂದು ಆಕೆ ಕೇಳಿದ ಮೇಲೆ ಕೈ ಕೊಟ್ಟ.

ನಾನು ಹಾಕಿದ ನಿಯಮ ಒಂದೇ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬೇಕು. ಊಹೆ ಮಾಡಿ ಹೇಳಿದ ಸರಿ ಉತ್ತರವನ್ನೂ ತಪ್ಪು ಎಂದೇ ಬರೆದುಕೊಳ್ಳುತ್ತೇನೆ ಎಂದೆ. ಸ್ನಾಯುಬಳ್ಳಿ ಅಂಟದಂತೆ ನೋಡಿಕೊಂಡದ್ದು ಇದರ ಮುಂದೆ ಮಕ್ಕಳಾಟ. ಮೂರು ವಾರ ಆ ಮನುಷ್ಯನ ಬಾಯಿಂದ ಆ ಮಾತು ಬರಲಿಲ್ಲ. ಗಂಟಲು ಸರಿ ಮಾಡಿಕೊಳ್ಳುತ್ತಿದ್ದ, ಹೊರಗೆ ಹೋಗುವ ಬಸ್ಸಿನ ಸುದ್ದಿ ತೆಗೆಯುತ್ತಿದ್ದ, ನನ್ನ ಉಸಿರು ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ಸಂಖ್ಯೆ ಹೇಳುತ್ತಿದ್ದ. ಒಂದು ದಿನ ಸಾಕಾಗಿ ಟವಲ್ ಮಡಚಿಟ್ಟು, “ನಾಳೆಯಿಂದ ಬರ್ಬೇಡಿ. ಆ ಹಳದಿ ಚೆಂಡು ಕೊಡಿಸ್ತೀನಿ, ಒತ್ಕೊಂಡು ಕೂತ್ಕೊಳ್ಳಿ,” ಎಂದೆ. ಆತ ಎದ್ದು ಬಾಗಿಲ ತನಕ ಹೋಗಿ ನಿಂತ. ವಾಪಸ್ಸು ಬಂದು ಕೂತು ಕೈ ಚಾಚಿದ. ಬೆರಳು ಹಿಡಿದೆ.

“ತಿಳೀಲಿಲ್ಲ,” ಎಂದ. ಕಣ್ಣಲ್ಲಿ ನೀರಿತ್ತು.

ಆ ದಿನದಿಂದ ಕೆಲಸ ಸಾಗಿತು. ಆದರೆ ಸಿನಿಮಾದಂತೆ ಸಾಗಲಿಲ್ಲ. ಉಂಗುರದ ಬೆರಳಲ್ಲಿ ಮೊದಲು ಇರುವೆ ಹರಿದಂತಾಯಿತು, ಆಮೇಲೆ ಕರೆಂಟು ಹೊಡೆದಂತಾಯಿತು, ನಡುವೆ ಹತ್ತು ದಿನ ಏನೂ ಇಲ್ಲ. ಐದನೇ ತಿಂಗಳ ಕೊನೆಗೆ ಎರಡನ್ನೂ ಮೂರನ್ನೂ ಬೇರೆ ಮಾಡಿ ಹೇಳುತ್ತಿದ್ದ. ಮೂರಕ್ಕೂ ನಾಲ್ಕಕ್ಕೂ ನಡುವೆ ಕಿರುಬೆರಳು ಕೈಕೊಡುತ್ತಿತ್ತು. ಬೆರಳುಗಳನ್ನು ಒಟ್ಟಿಗೆ ಹಿಡಿಯದೆ ಒಂದೊಂದಾಗಿ ಒತ್ತಿ ಹಿಡಿದರೆ ಹೆಚ್ಚು ಪಾಲು ಸಿಗುತ್ತಿತ್ತು. ಅದು ಇನ್ನೂ ಸುಧಾರಿಸಬಹುದು, ಇಲ್ಲದೆಯೂ ಇರಬಹುದು ಎಂದು ಹೇಳಿದೆ. ಆ ಬೆರಳು ಹೊಲಿದಾಗಲೇ ಹಾಗೆ ಇತ್ತಾ, ನಾನು ಹಾಳು ಮಾಡಿದ ವಾರಗಳಿಂದ ಹಾಗಾಯಿತಾ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವಾರ ಸಂತೆಗೆ ಹೋಗುತ್ತೇನೆ ಎಂದ. ನಾನೂ ಬರುತ್ತೇನೆ ಎಂದೆ. ಬೆಳಿಗ್ಗೆ ಮುಳಬಾಗಿಲಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹೋದೆವು. ಸಂತೆ ಎಂಬುದು ಸಗಣಿ, ಗಂಜಲ, ಬೀಡಿ ಹೊಗೆ ಮತ್ತು ಸುಳ್ಳಿನ ಮೈದಾನ. ಬತ್ತಿದ ಕೆಚ್ಚಲು ತುಂಬಿ ಕಾಣಲಿ ಎಂದು ಬೆಳಗಿನ ಹಾಲನ್ನು ಕರೆಯದೆ ಬಿಟ್ಟ ಹಸುಗಳು ಸಂಕಟಪಡುತ್ತಾ ನಿಂತಿದ್ದವು. ಇಂಥ ಜಾಗದಲ್ಲಿ ಇವನೊಬ್ಬನೇ ಕಳ್ಳ ಎಂದು ತೀರ್ಮಾನವಾಗಿತ್ತು. ಒಂದು ಗಂಟೆ ಟವಲ್ ಹಾಕಿಕೊಂಡು ನಿಂತ. ಜನ ಪಕ್ಕದಲ್ಲೇ ಹಾದು ಬೇರೆ ದಳ್ಳಾಳಿಗಳ ಕಡೆ ಹೋದರು.

ಕೊನೆಗೆ ಬಂದವನು ಟವಲ್ ಎಳೆದಿದ್ದ ಅದೇ ವ್ಯಾಪಾರಿ. ಪ್ರೀತಿಯಿಂದ ಬರಲಿಲ್ಲ. ಅವನ ಕಣ್ಣಿಗೆ ಬಿದ್ದಿದ್ದ ಹಸುವಿನ ಯಜಮಾನ ನಮ್ಮ ದಳ್ಳಾಳಿಯ ಊರಿನವನು, ಇವನ ಕೈಯಲ್ಲೇ ಮಾತಾಡಿಸು ಎಂದು ಹಟ ಹಿಡಿದಿದ್ದ.

“ಈಸಲ ಎಷ್ಟು ಅಂತ ತಿಳ್ಕೊಂತೀಯೋ ನೋಡಾಣ,” ಎಂದು ವ್ಯಾಪಾರಿ ಟವಲ್ಲಿನ ಕೆಳಗೆ ಕೈ ಹಾಕಿದ. ಸುತ್ತ ಜನ ಸೇರಿತು.

ದಳ್ಳಾಳಿ ಗಂಟಲು ಸರಿ ಮಾಡಿಕೊಂಡ. ಆ ಗಂಟಲಿನ ಮುಂದಿನ ಹೆಜ್ಜೆ ಏನೆಂದು ನನಗೆ ಗೊತ್ತು, ಈಗ ಒಂದು ಸಂಖ್ಯೆಯನ್ನು ಊಹಿಸುತ್ತಾನೆ.

“ತಿಳೀಲಿಲ್ಲಪ್ಪಾ,” ಎಂದ. “ಕಿರುಬೆರಳಾಗೆ ಪೂರ್ತಿ ಜೀವ ಇಲ್ಲ. ಒಂದೊಂದಾಗಿ ಹಿಡಿ.”

ಯಾರೋ ಕಿಸಕ್ಕನೆ ನಕ್ಕರು. ವ್ಯಾಪಾರಿ ನಗಲಿಲ್ಲ. “ಅವತ್ತೂ ತಿಳೀಲಿಲ್ವಾ?”

“ಇಲ್ಲ.”

“ಅವತ್ತೇ ಅಂದಿದ್ರೆ ನಾನ್ಯಾಕಲೇ ನಿನ್ ಟವಲ್ ಎಳೀತಿದ್ದೆ?”

ದಳ್ಳಾಳಿ ಟವಲ್ ಸರಿ ಮಾಡಿಕೊಂಡು ಕೈ ಚಾಚಿದ. ವ್ಯಾಪಾರಿ ಮತ್ತೆ ಹಿಡಿದ, ನಿಧಾನವಾಗಿ, ಒಂದೊಂದಾಗಿ. ಇವನು ತಲೆಯಾಡಿಸಿ ಯಜಮಾನನ ಕಡೆ ಹೋದ, ಬಂದ, ಮತ್ತೆ ಹೋದ. ಎಷ್ಟಕ್ಕೆ ಕುದುರಿತು ಎಂದು ನನಗೆ ಗೊತ್ತಿಲ್ಲ. ಹಗ್ಗ ಕೈ ಬದಲಾಯಿತು, ಯಾರೂ ಜಗಳ ಆಡಲಿಲ್ಲ.

ಹೊರಡುವ ಮುಂಚೆ ವ್ಯಾಪಾರಿ ನನ್ನನ್ನು ನೋಡಿ, “ಈಯಮ್ಮ ಯಾರು?” ಎಂದ.

“ನನ್ ಕೈ ಸರಿ ಮಾಡಿದ್ ಮೇಡಂ.”

“ಬೆರಳಾಗೆ ಜೀವ ಇಲ್ಲ ಅಂತೀಯ. ಏನ್ ಸರಿ ಮಾಡಿದ್ಲು?”

ದಳ್ಳಾಳಿ ನನ್ನ ಪರವಾಗಿ ಏನೋ ಸುಳ್ಳು ಹೇಳಲು ಬಾಯಿ ತೆರೆದ. ನಾನೇ ಮುಂದೆ ಹೋದೆ.

“ಪೂರ್ತಿ ಸರಿ ಮಾಡಿಲ್ಲ ಅಣ್ಣಾ. ಅವತ್ತು ಬೆರಳಿಗೆ ಸ್ಪರ್ಶ ಬಂದಿರ್ಲಿಲ್ಲ. ನಾನು ಸರಿಯಾಗಿ ನೋಡದೆ ಬಂದಿದೆ ಅಂತ ಬರ್ಕೊಟ್ಟೆ. ಜಗಳಕ್ಕೆ ಕಾರಣ ಇವರಲ್ಲ, ನಾನು.”

ಮೂವತ್ತು ಜನ ದನದ ವ್ಯಾಪಾರಿಗಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಅವರ ಮುಖದಲ್ಲಿದ್ದ ತಿರಸ್ಕಾರ ನನಗೆ ಚೆನ್ನಾಗಿ ಪರಿಚಯವಿರುವಂಥದ್ದು. ಇಷ್ಟು ವರ್ಷ ನಾನು ಬೇರೆಯವರನ್ನು ನೋಡುತ್ತಿದ್ದದ್ದೇ ಹಾಗೆ. ವ್ಯಾಪಾರಿ ಲೊಚಗುಟ್ಟಿ, ಹಸುವಿನ ಬೆನ್ನು ತಟ್ಟಿ ಹೊಡೆದುಕೊಂಡು ಹೋದ. ದಳ್ಳಾಳಿ ನನಗೆ ಏನೋ ಹೇಳಬೇಕೆಂದು ತಿರುಗಿದ. ಅಷ್ಟರಲ್ಲಿ ಇನ್ನೊಬ್ಬ ಯಾರೋ ಬಂದು ಅವನ ಟವಲ್ಲಿನ ಕೆಳಗೆ ಕೈ ಹಾಕಿದ, ಒಂದೊಂದೇ ಬೆರಳು ಒತ್ತತೊಡಗಿದ.